ಮೂರು ಧರ್ಮಗಳ ನಡುವೆ ಬದುಕಿದ ಮೈಮೊನಿಡೀಸ್

ಯಹೂದಿ, ಕ್ರೈಸ್ತ, ಇಸ್ಲಾಂ. ಈ ಮೂರು ಧರ್ಮಗಳ ಬಗ್ಗೆ ನಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತಿರೋದು ನ್ಯೂಸ್ ಚಾನೆಲ್‌ನಲ್ಲಿ ಬರೋ ಜಗಳದ ಸುದ್ದಿ ಮಾತ್ರ. ಇವು ಹುಟ್ಟಿದ್ದು ಹೇಗೆ, ಎಲ್ಲಿ ಒಂದನ್ನೊಂದು ಒಪ್ಪುತ್ತವೆ, ಎಲ್ಲಿ ಬೇರೆಯಾಗುತ್ತವೆ ಅಂತ ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಅದನ್ನೆಲ್ಲ ನೋಟ್ಸ್ ಥರ ಬರೆಯುವ ಬದಲು, ಮೂರೂ ಧರ್ಮದವರ ನಡುವೆ ಬದುಕಿ, ಪೆಟ್ಟು ತಿಂದು, ಆದರೂ ನೇರವಾಗಿ ಯೋಚಿಸಿದ ಒಬ್ಬರ ಕಥೆ ಹೇಳೋಣ ಅಂತ ಈ ಸಲ ಅಂದುಕೊಂಡಿದ್ದೇವೆ.

ಯಹೂದಿಗಳಿಗೆ ಅವರು ಮೋಶೆ ಬೆನ್ ಮೈಮೋನ್. ಅರಬ್ಬರಿಗೆ ಮೂಸಾ ಇಬ್ನ್ ಮೈಮೂನ್. ಯುರೋಪಿನವರಿಗೆ ಮೈಮೊನಿಡೀಸ್. ಮೂರು ಹೆಸರಿನಲ್ಲೂ ಇರುವ ಅರ್ಥ ಮೈಮೋನನ ಮಗ ಅಂತಲೇ. ಹುಟ್ಟಿದ್ದು 1138ರಲ್ಲಿ, ಈಗಿನ ಸ್ಪೇನ್ ದೇಶದ ಕಾರ್ಡೊಬಾ ನಗರದಲ್ಲಿ (ಹಳೆಯ ಪುಸ್ತಕಗಳಲ್ಲಿ 1135 ಅಂತಲೂ ಇದೆ). ಆಗ ಅಲ್ಲಿ ಮುಸ್ಲಿಮರ ಆಳ್ವಿಕೆ. ತಂದೆ ಮೈಮೋನ್ ಯಹೂದಿ ಸಮುದಾಯದ ನ್ಯಾಯಾಧೀಶರು. ಮನೆಯಲ್ಲಿ ಹೀಬ್ರೂ ಧರ್ಮಗ್ರಂಥಗಳ ಪಾಠ, ಹೊರಗೆ ಅರಬ್ಬಿ ಭಾಷೆ. ಆ ಅರಬ್ಬಿಯ ಜೊತೆಗೇ ಗ್ರೀಕರ ಗಣಿತ, ಖಗೋಳ, ವೈದ್ಯ, ಅರಿಸ್ಟಾಟಲ್‌ನ ತರ್ಕ ಎಲ್ಲವೂ ಬಂತು. ಇದೇ ಊರಿನಲ್ಲಿ 1126ರಲ್ಲಿ ಹುಟ್ಟಿದವರು ಇಬ್ನ್ ರುಶ್ದ್, ಅರಿಸ್ಟಾಟಲ್‌ನನ್ನು ಯುರೋಪಿಗೆ ಅರ್ಥ ಮಾಡಿಸಿದ ಮುಸ್ಲಿಂ ತತ್ವಜ್ಞಾನಿ. ಊರು ಎಂಥದ್ದು ಅಂತ ಇದರಿಂದಲೇ ಊಹಿಸಬಹುದು.

ಮುಂದೆ ಹೋಗುವ ಮೊದಲು ಸ್ವಲ್ಪ ಹಿನ್ನೆಲೆ ಬೇಕು. ಮೂರೂ ಧರ್ಮಗಳು ತಮ್ಮ ಬೇರನ್ನು ಅಬ್ರಹಾಮನಲ್ಲಿ ಕಾಣುತ್ತವೆ. ಯಹೂದಿ ನಂಬಿಕೆಯ ಪ್ರಕಾರ ದೇವರು ಅಬ್ರಹಾಮನ ಜೊತೆ ಒಡಂಬಡಿಕೆ ಮಾಡಿಕೊಂಡ. ಅವನ ಮಗ ಇಸಾಕ, ಮೊಮ್ಮಗ ಯಾಕೋಬ, ಅವರಿಂದ ಇಸ್ರಾಯೇಲ್ಯರು. ಈಜಿಪ್ಟಿನ ಗುಲಾಮಗಿರಿಯಿಂದ ಅವರನ್ನು ಬಿಡಿಸಿದ ಮೋಶೆಗೆ ಸೀನಾಯಿ ಬೆಟ್ಟದಲ್ಲಿ ತೋರಾ ಸಿಕ್ಕಿತು. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ. ಪಾಲಿಸಬೇಕಾದ ವಿಧಿಗಳು 613. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಯಹೂದಿಗಳಿಗೆ ಗ್ರಂಥ ಮತ್ತು ಪ್ರಾರ್ಥನೆಯೇ ಆಸರೆಯಾಯಿತು.

ಕ್ರೈಸ್ತ ಧರ್ಮ ಹುಟ್ಟಿದ್ದು ಇದೇ ಸಮುದಾಯದ ಒಳಗೆ. ಯೇಸುವೂ ಯಹೂದಿ, ಮೊದಲ ಶಿಷ್ಯರೂ ಯಹೂದಿಗಳೇ. ಯಹೂದಿಗಳು ಕಾಯುತ್ತಿದ್ದ ಮೆಸ್ಸೀಯ ಯೇಸುವೇ, ಅವರು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದು ಬಂದರು, ಆ ಸಾವು ಮನುಷ್ಯರ ಪಾಪಕ್ಕೆ ಪರಿಹಾರ ಅಂತ ಶಿಷ್ಯರು ನಂಬಿದರು. ಯೇಸು ದೇವರ ಮಗ, ತಂದೆಗೆ ಸಮಾನ ಅನ್ನೋದನ್ನು 325ರ ನೈಸಿಯಾ ಸಭೆ ಸಿದ್ಧಾಂತವಾಗಿ ಹೇಳಿತು. ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು ಅನ್ನುವ ತ್ರಿತ್ವ ಹೀಗೆ ಗಟ್ಟಿಯಾಯಿತು.

ಸುಮಾರು 610ರಲ್ಲಿ ಮೆಕ್ಕಾದಲ್ಲಿ ಪ್ರವಾದಿ ಮುಹಮ್ಮದರಿಗೆ ದೇವವಾಣಿ ಬರಲು ಶುರುವಾಯಿತು ಅನ್ನುವುದು ಇಸ್ಲಾಂ ನಂಬಿಕೆ. ಅಲ್ಲಾಹ್ ಒಬ್ಬನೇ, ಅವನಿಗೆ ಪಾಲುದಾರರಿಲ್ಲ, ಮಗನೂ ಇಲ್ಲ. ಇಬ್ರಾಹಿಂ, ಮೂಸಾ, ಈಸಾ ಎಲ್ಲರೂ ಪ್ರವಾದಿಗಳು, ಮುಹಮ್ಮದರು ಕೊನೆಯವರು. ಯಹೂದಿ, ಕ್ರೈಸ್ತರು ಹಿಂದೆ ಗ್ರಂಥ ಪಡೆದ ಜನ. ಹಾಗಾಗಿ ಜಿಝಿಯಾ ತೆರಿಗೆ ಕೊಟ್ಟು, ಕೆಲವು ನಿರ್ಬಂಧಗಳ ಒಳಗೆ, ತಮ್ಮ ಧರ್ಮದಲ್ಲೇ ಇರಬಹುದಿತ್ತು. ಸಮಾನತೆ ಇರಲಿಲ್ಲ, ಆದರೆ ರಕ್ಷಣೆ ಇತ್ತು.

1148ರಲ್ಲಿ ಆ ರಕ್ಷಣೆ ಹೋಯಿತು. ಉತ್ತರ ಆಫ್ರಿಕಾದಿಂದ ಬಂದ ಅಲ್ಮೊಹದ್ ಅರಸರು ಕಾರ್ಡೊಬಾವನ್ನು ವಶಪಡಿಸಿಕೊಂಡರು. ಯಹೂದಿಗಳ ಮುಂದೆ ಇದ್ದದ್ದು ಮೂರೇ ದಾರಿ: ಮತಾಂತರ, ಸಾವು, ಇಲ್ಲವೇ ಊರು ಬಿಡೋದು. ಆಗ ಹುಡುಗನಿಗೆ ಹತ್ತು ವರ್ಷ. ಕುಟುಂಬ ಊರು ಬಿಟ್ಟು ವರ್ಷಗಟ್ಟಲೆ ಅಲೆದು, 1160ರ ಹೊತ್ತಿಗೆ ಮೊರಾಕ್ಕೋದ ಫೆಝ್ ನಗರ ಸೇರಿತು. ವಿಚಿತ್ರ ಅಂದರೆ ಅಲ್ಲೂ ಅದೇ ಅಲ್ಮೊಹದ್ ಆಳ್ವಿಕೆ.

ಅಲ್ಲಿ ಎಷ್ಟೋ ಯಹೂದಿಗಳು ಜೀವ ಉಳಿಸಿಕೊಳ್ಳಲು ಬಾಯಲ್ಲಿ ಇಸ್ಲಾಂ ಒಪ್ಪಿ, ಮನೆಯೊಳಗೆ ಗುಟ್ಟಾಗಿ ಹಳೆಯ ಪ್ರಾರ್ಥನೆ ಮಾಡುತ್ತಿದ್ದರು. ಇಂಥವರು ಯಹೂದಿಗಳೇ ಅಲ್ಲ, ಇವರ ಪ್ರಾರ್ಥನೆಗೆ ಬೆಲೆಯಿಲ್ಲ, ಬದಲಿಗೆ ಅದೂ ಒಂದು ಪಾಪ ಅಂತ ಬೇರೆ ಊರಿನ ಒಬ್ಬ ಪಂಡಿತರು ತೀರ್ಪು ಬರೆದರು. ಮೈಮೊನಿಡೀಸ್‌ಗೆ ಇನ್ನೂ ಮೂವತ್ತು ಆಗಿರಲಿಲ್ಲ. ಅವರು ಕೋಪದಿಂದಲೇ ಉತ್ತರ ಬರೆದರು. ಕತ್ತಿಗೆ ಹೆದರಿ ನಾಲಿಗೆ ಆಡಿದ ಮಾತು ನಂಬಿಕೆ ಆಗೋದಿಲ್ಲ, ಕಷ್ಟದಲ್ಲಿ ಗುಟ್ಟಾಗಿ ಮಾಡಿದ ಸಣ್ಣ ಪ್ರಾರ್ಥನೆಗೂ ಬೆಲೆ ಇದೆ, ಅಂಥವರನ್ನು ದೂರ ತಳ್ಳಬಾರದು ಅನ್ನುವುದು ಅವರ ವಾದ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಸಾಧ್ಯವಾದ ಕೂಡಲೇ ಮನೆ, ಆಸ್ತಿ ಬಿಟ್ಟಾದರೂ ತಮ್ಮ ಧರ್ಮವನ್ನು ಬಹಿರಂಗವಾಗಿ ಪಾಲಿಸಬಹುದಾದ ಜಾಗಕ್ಕೆ ಹೊರಡಿ ಅಂತಲೂ ಹೇಳಿದರು. ಫೆಝ್‌ನಲ್ಲಿ ಅವರೂ ಹೊರಗೆ ಮುಸ್ಲಿಮರಂತೆ ಬದುಕಿದ್ದರೇ ಅನ್ನೋದು ವಿದ್ವಾಂಸರ ನಡುವೆ ಇನ್ನೂ ಮುಗಿಯದ ಚರ್ಚೆ.

1165ರಲ್ಲಿ ಕುಟುಂಬ ಹಡಗು ಹತ್ತಿ ಏಕರ್ ಬಂದರಿಗೆ ಬಂತು. ಆಗ ಆ ನಾಡು ಕ್ರೈಸ್ತ ಕ್ರುಸೇಡರುಗಳ ಕೈಯಲ್ಲಿತ್ತು. 1099ರಲ್ಲಿ ಜೆರುಸಲೇಂ ಗೆದ್ದಾಗ ಇವರೇ ಮುಸ್ಲಿಮರನ್ನೂ ಯಹೂದಿಗಳನ್ನೂ ಒಟ್ಟಿಗೆ ಕೊಂದಿದ್ದರು. ಮೈಮೊನಿಡೀಸ್ ಜೆರುಸಲೇಮಿಗೆ ಹೋಗಿ ಪ್ರಾರ್ಥಿಸಿದರು, ಆದರೆ ನೆಲೆಸಲಿಲ್ಲ. ಈಜಿಪ್ಟಿಗೆ ಹೋಗಿ ಕೈರೋ ಪಕ್ಕದ ಫುಸ್ತಾತ್‌ನಲ್ಲಿ ಮನೆ ಮಾಡಿದರು. 1168ರಲ್ಲಿ ಕ್ರುಸೇಡರ್ ಸೈನ್ಯ ಈಜಿಪ್ಟಿನ ಬಿಲ್ಬೈಸ್ ಪಟ್ಟಣದ ಮೇಲೆ ಬಿದ್ದು ಜನರನ್ನು ಸೆರೆ ಹಿಡಿದಾಗ, ಯಹೂದಿ ಸೆರೆಯಾಳುಗಳನ್ನು ಬಿಡಿಸಲು ಹಣ ಕೂಡಿಸಲು ಓಡಾಡಿದವರು ಇವರೇ. ಮೂವತ್ತು ವರ್ಷಕ್ಕೇ ಎರಡೂ ಧರ್ಮದ ಅರಸರ ಕೈಯಲ್ಲಿ ತಮ್ಮ ಜನ ನೋಯುವುದನ್ನು ನೋಡಿಯಾಗಿತ್ತು. ಎರಡನ್ನೂ ದ್ವೇಷಿಸಿದ್ದರೆ ಯಾರಿಗೂ ಆಶ್ಚರ್ಯ ಆಗುತ್ತಿರಲಿಲ್ಲ.

ಈ ಅಲೆದಾಟದ ಮಧ್ಯೆಯೇ, ಹಡಗಿನಲ್ಲೂ ಕೂತು, ಮಿಷ್ನಾ ಎಂಬ ಯಹೂದಿ ಕಾನೂನು ಗ್ರಂಥಕ್ಕೆ ಅರಬ್ಬಿಯಲ್ಲಿ ವ್ಯಾಖ್ಯಾನ ಬರೆದು 1168ರಲ್ಲಿ ಮುಗಿಸಿದರು. ಅದರೊಳಗೆ ಬರುತ್ತವೆ ಪ್ರಸಿದ್ಧವಾದ ಹದಿಮೂರು ತತ್ವಗಳು. ಯಹೂದಿ ಧರ್ಮ ನಂಬಿಕೆಗಿಂತ ಆಚರಣೆಗೆ ಹೆಚ್ಚು ಒತ್ತು ಕೊಡುತ್ತಿತ್ತು, ಹೀಗೆ ಪಟ್ಟಿ ಮಾಡೋ ಅಭ್ಯಾಸ ಅಷ್ಟಾಗಿ ಇರಲಿಲ್ಲ. ದೇವರಿದ್ದಾನೆ, ಒಬ್ಬನೇ, ದೇಹವಿಲ್ಲ, ಅನಾದಿ, ಪೂಜೆ ಅವನೊಬ್ಬನಿಗೇ. ಪ್ರವಾದಿಗಳ ಮಾತು ನಿಜ, ಅವರಲ್ಲಿ ಮೋಶೆ ದೊಡ್ಡವನು, ತೋರಾ ದೇವರಿಂದ ಬಂದದ್ದು, ಅದು ಬದಲಾಗುವುದಿಲ್ಲ. ದೇವರು ಎಲ್ಲ ಬಲ್ಲ, ಒಳಿತು ಕೆಡುಕಿಗೆ ಫಲ ಕೊಡುತ್ತಾನೆ, ಮೆಸ್ಸೀಯ ಬರುತ್ತಾನೆ, ಸತ್ತವರು ಏಳುತ್ತಾರೆ.

ಈ ಪಟ್ಟಿಯನ್ನು ಮೂರು ಧರ್ಮಗಳನ್ನು ಹೋಲಿಸೋ ಟೇಬಲ್ ಥರ ಓದಬಹುದು. ದೇವರು ಇದ್ದಾನೆ, ಒಳಿತು ಕೆಡುಕಿಗೆ ಫಲವಿದೆ, ಸತ್ತವರು ಏಳುತ್ತಾರೆ ಅನ್ನೋದನ್ನು ಮೂರೂ ಒಪ್ಪುತ್ತವೆ. ದೇವರು ಒಬ್ಬನೇ ಅಂತ ಮೂರೂ ಹೇಳಿದರೂ ಕ್ರೈಸ್ತರು ತ್ರಿತ್ವ ಸೇರಿಸುತ್ತಾರೆ, ಇಸ್ಲಾಂ ಯಹೂದಿಗಳ ಪಕ್ಕ ನಿಲ್ಲುತ್ತದೆ. ತೋರಾ ಬದಲಾಗದು, ಮೋಶೆಯೇ ದೊಡ್ಡವನು ಅನ್ನುವಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ಮೆಸ್ಸೀಯ ಬರಬೇಕಾಗಿದೆ ಅನ್ನುವಲ್ಲಿ, ಬಂದಾಗಿದೆ, ಮತ್ತೆ ಬರುತ್ತಾನೆ ಅಂತ ಕ್ರೈಸ್ತರು ಹೇಳುತ್ತಾರೆ.

ಮನೆಯ ಖರ್ಚು ನಡೆಯುತ್ತಿದ್ದದ್ದು ತಮ್ಮ ಡೇವಿಡ್‌ನ ರತ್ನ ವ್ಯಾಪಾರದಿಂದ. ಕೆಂಪು ಸಮುದ್ರದ ಐದಾಬ್ ಬಂದರಿಗೆ ಹೋದ ಡೇವಿಡ್, ಅಲ್ಲಿ ನೀಲಿ ಬಣ್ಣ ಬಿಟ್ಟರೆ ಕೊಳ್ಳುವಂಥದ್ದು ಏನೂ ಇಲ್ಲ, ಅದಕ್ಕೇ ಭಾರತಕ್ಕೆ ಹಡಗು ಹತ್ತುತ್ತೇನೆ ಅಂತ ಅಣ್ಣನಿಗೆ ಪತ್ರ ಬರೆದ. ಆಮೇಲೆ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ, ಮನೆಯವರ ಹಣದ ಜೊತೆ ಬೇರೆಯವರ ಹಣವೂ ಹೋಯಿತು. ಮೈಮೊನಿಡೀಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಎಂಟು ವರ್ಷದ ನಂತರ ಬರೆದ ಪತ್ರದಲ್ಲೂ ಆ ದುಃಖ ಆರಿಲ್ಲ.

ಈ ಹಡಗಿನ ದಾರಿ ನಮಗೆ ಅಪರಿಚಿತವಲ್ಲ. ಅದೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ಇದ್ದು, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ್ದ. ಡೇವಿಡ್‌ನ ಪತ್ರ, ಬೆನ್ ಯಿಜುವಿನ ಪತ್ರಗಳು ಎರಡೂ ಉಳಿದದ್ದು ಒಂದೇ ಕಡೆ. ದೇವರ ಹೆಸರಿರುವ ಕಾಗದವನ್ನು ಹರಿದು ಎಸೆಯಬಾರದು ಅಂತ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಹಳೆಯ ಕಾಗದಗಳನ್ನೆಲ್ಲ ಒಂದು ಕೋಣೆಗೆ ಹಾಕುತ್ತಿದ್ದರು. ಆ ರಾಶಿಯ ದೊಡ್ಡ ಪಾಲು 1897ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿತು. ಅಮಿತಾವ್ ಘೋಷ್ ಅವರ ಇನ್ ಆನ್ ಆಂಟೀಕ್ ಲ್ಯಾಂಡ್ ಓದಿದವರಿಗೆ ಈ ಕಥೆ ನೆನಪಿರುತ್ತದೆ.

ಧರ್ಮದ ಪಾಂಡಿತ್ಯದಿಂದ ಹೊಟ್ಟೆ ಹೊರೆಯಬಾರದು ಅನ್ನೋದು ಮೈಮೊನಿಡೀಸ್ ಅವರ ಕಟ್ಟುನಿಟ್ಟು. ಹಾಗಾಗಿ ವೈದ್ಯರಾದರು. ಸುಲ್ತಾನ್ ಸಲಾಹುದ್ದೀನನ ಮಂತ್ರಿ ಅಲ್ ಖಾದಿ ಅಲ್ ಫಾದಿಲ್ ಅವರಿಗೆ ಆಶ್ರಯ ಕೊಟ್ಟರು. ಮುಂದೆ ಸಲಾಹುದ್ದೀನನ ಮಗ ಅಲ್ ಅಫ್ದಲ್‌ಗೂ ಇವರೇ ವೈದ್ಯರು. 1199ರಲ್ಲಿ ಫ್ರಾನ್ಸಿನಿಂದ ಒಬ್ಬ ಅನುವಾದಕರು ಭೇಟಿಗೆ ಬರುತ್ತೇನೆ ಅಂದಾಗ ಮೈಮೊನಿಡೀಸ್ ತಮ್ಮ ದಿನಚರಿ ಬರೆದು ಕಳಿಸಿದರು. ಬೆಳಿಗ್ಗೆ ಎದ್ದು ಸುಮಾರು ಎರಡು ಕಿಲೋಮೀಟರ್ ದೂರದ ಕೈರೋ ಅರಮನೆಗೆ ಸವಾರಿ, ಮಧ್ಯಾಹ್ನ ಹಸಿದು ವಾಪಸ್. ಮನೆ ತುಂಬ ರೋಗಿಗಳು: ಯಹೂದಿಗಳು, ಬೇರೆ ಧರ್ಮದವರು, ಅಧಿಕಾರಿಗಳು, ಬಡವರು. ಕೈ ತೊಳೆದು, ಸ್ವಲ್ಪ ತಾಳಿ ಅಂತ ಅವರನ್ನು ಬೇಡಿಕೊಂಡು ದಿನದ ಒಂದೇ ಊಟ. ಆಮೇಲೆ ರಾತ್ರಿಯವರೆಗೂ ಚಿಕಿತ್ಸೆ, ಸುಸ್ತಾಗಿ ಮಲಗಿಕೊಂಡೇ ಔಷಧಿ ಹೇಳೋದು. ಬನ್ನಿ, ಆದರೆ ಒಂದು ಗಂಟೆಯೂ ಏಕಾಂತದಲ್ಲಿ ಸಿಗಲ್ಲ ಅನ್ನೋದು ಪತ್ರದ ಸಾರಾಂಶ.

ಇಷ್ಟರ ನಡುವೆಯೇ, ಚದುರಿ ಹೋಗಿದ್ದ ಯಹೂದಿ ಕಾನೂನನ್ನೆಲ್ಲ ವಿಷಯವಾರು ವಿಂಗಡಿಸಿ 14 ಭಾಗಗಳ ಮಿಷ್ನೆ ತೋರಾ ಬರೆದರು, ಹತ್ತು ವರ್ಷ ಹಿಡಿಯಿತು. ಅದರಲ್ಲಿ ದಾನಕ್ಕೆ ಎಂಟು ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು, ಸಾಲವನ್ನೋ ಕೆಲಸವನ್ನೋ ಕೊಟ್ಟು ಇನ್ನೊಬ್ಬರು ಕೈ ಚಾಚದ ಹಾಗೆ ಮಾಡೋದು. ಆಮೇಲೆ ಸುಮಾರು 1190ರಲ್ಲಿ ತರ್ಕ ಮತ್ತು ಧರ್ಮದ ನಡುವೆ ಗೊಂದಲಕ್ಕೆ ಬಿದ್ದವರಿಗಾಗಿ ಒಂದು ದಾರಿದೀಪ ಬರೆದರು. ದೇವರು ಹೀಗಿದ್ದಾನೆ ಅಂತ ವರ್ಣಿಸೋದಕ್ಕಿಂತ ಹೀಗಿಲ್ಲ ಅಂತ ಹೇಳೋದೇ ಸರಿ ಅನ್ನೋದು ಅದರ ಮುಖ್ಯ ಮಾತುಗಳಲ್ಲಿ ಒಂದು. ದಕ್ಷಿಣ ಫ್ರಾನ್ಸಿನ ಪಂಡಿತರು ಜ್ಯೋತಿಷ್ಯದ ಬಗ್ಗೆ ಕೇಳಿದಾಗ, ಖಗೋಳ ವಿಜ್ಞಾನ ಬೇರೆ, ಫಲಜ್ಯೋತಿಷ್ಯ ಬೇರೆ, ಎರಡನೆಯದಕ್ಕೆ ಆಧಾರವಿಲ್ಲ ಅಂತ ಖಡಾಖಂಡಿತವಾಗಿ ಬರೆದರು.

ಆದರೆ ನಮಗೆ ಬಹಳ ಹಿಡಿಸಿದ್ದು ಓಬದ್ಯ ಎಂಬುವರಿಗೆ ಬರೆದ ಪತ್ರಗಳು. ಇವರು ಯಹೂದಿ ಧರ್ಮಕ್ಕೆ ಹೊಸದಾಗಿ ಸೇರಿದವರು. ಪ್ರಾರ್ಥನೆಯಲ್ಲಿ ನಮ್ಮ ಪಿತೃಗಳ ದೇವರು ಅನ್ನುವ ಮಾತು ಬರುತ್ತದೆ, ಹುಟ್ಟಿನಿಂದ ಯಹೂದಿಯಲ್ಲದ ತಾನು ಹಾಗೆ ಹೇಳಬಹುದೇ ಅನ್ನುವುದು ಅವರ ಪ್ರಶ್ನೆ. ಧಾರಾಳವಾಗಿ ಹೇಳಬಹುದು, ಅಬ್ರಹಾಮನ ದಾರಿ ಹಿಡಿದ ಎಲ್ಲರಿಗೂ ಅವನೇ ತಂದೆ, ರಕ್ತ ಇಲ್ಲಿ ಮುಖ್ಯವಲ್ಲ ಅನ್ನುವುದು ಮೈಮೊನಿಡೀಸ್ ಉತ್ತರ.

ಇನ್ನೊಂದು ವಿಷಯವೂ ಇತ್ತು. ಮುಸ್ಲಿಮರು ವಿಗ್ರಹಾರಾಧಕರಲ್ಲ ಅಂತ ಓಬದ್ಯ ವಾದಿಸಿದಾಗ, ಅವರ ಗುರು ಮೂರ್ಖ ಅಂತ ಬೈದು ಅವಮಾನ ಮಾಡಿದ್ದರು. ಮೂರ್ತಿಪೂಜೆ ನಮ್ಮಲ್ಲಿ ಅನೇಕರಿಗೆ ಸಹಜ, ಆದರೆ ಈ ಧರ್ಮಗಳಲ್ಲಿ ಅದಕ್ಕಿಂತ ದೊಡ್ಡ ಆರೋಪ ಇಲ್ಲ. ಮೈಮೊನಿಡೀಸ್ ಓಬದ್ಯನ ಪರ ನಿಂತರು. ಮುಸ್ಲಿಮರು ದೇವರ ಏಕತೆಯನ್ನು ಲೋಪವಿಲ್ಲದೆ ನಂಬುತ್ತಾರೆ, ಅವರು ನಮ್ಮ ಬಗ್ಗೆ ಸುಳ್ಳು ಹೇಳುತ್ತಾರೆ ಅನ್ನೋ ಕಾರಣಕ್ಕೆ ನಾವೂ ಅವರ ಬಗ್ಗೆ ಸುಳ್ಳು ಹೇಳೋದು ಸರಿಯಲ್ಲ, ಆ ಗುರು ಶಿಷ್ಯನಲ್ಲಿ ಕ್ಷಮೆ ಕೇಳಬೇಕು ಅಂತ ಬರೆದರು. ಹತ್ತು ವರ್ಷಕ್ಕೆ ಮುಸ್ಲಿಂ ಅರಸರಿಂದ ಊರು ಕಳೆದುಕೊಂಡವರು ಇದನ್ನು ಬರೆದದ್ದು.

ಅದಕ್ಕಾಗಿ ಅವರನ್ನು ಇವತ್ತಿನ ಸರ್ವಧರ್ಮ ಸಮನ್ವಯದ ಪೋಸ್ಟರ್‌ಗೆ ಅಂಟಿಸುವ ಹಾಗಿಲ್ಲ. 1172ರಲ್ಲಿ ಕಷ್ಟದಲ್ಲಿದ್ದ ಯೆಮೆನ್ ಯಹೂದಿಗಳಿಗೆ ಬರೆದ ಪತ್ರದಲ್ಲಿ ಎರಡೂ ಧರ್ಮಗಳ ಬಗ್ಗೆ ಕಟುವಾಗಿ ಮಾತಾಡಿದ್ದಾರೆ. ತ್ರಿತ್ವದ ಕಾರಣಕ್ಕೆ ಕ್ರೈಸ್ತರನ್ನು ವಿಗ್ರಹಾರಾಧಕರ ಸಾಲಿಗೇ ಸೇರಿಸಿದರು. ಮುಂದೆ ಮೆನಾಹೆಮ್ ಮೇರಿಯಂಥ ಯಹೂದಿ ಪಂಡಿತರು ಇದನ್ನು ಒಪ್ಪಲಿಲ್ಲ. ಆದರೂ ಯೇಸು ಮತ್ತು ಮುಹಮ್ಮದರ ಅನುಯಾಯಿಗಳಿಂದಾಗಿ ತೋರಾದ ವಿಚಾರ, ಮೆಸ್ಸೀಯನ ನಿರೀಕ್ಷೆ ದೂರದ ದ್ವೀಪಗಳಿಗೂ ತಲುಪಿತು, ಅದರಲ್ಲೂ ದೇವರ ಉದ್ದೇಶವಿದೆ ಅಂತ ಮಿಷ್ನೆ ತೋರಾದಲ್ಲಿ ಬರೆದವರೂ ಅವರೇ.

ನ್ಯಾಯ ಅವರಿಗೂ ಸಿಕ್ಕಿತು. ಅಲ್ ಖಿಫ್ತಿ ಎಂಬ ಮುಸ್ಲಿಂ ಇತಿಹಾಸಕಾರರು ಬರೆದಿರುವಂತೆ, ಪಶ್ಚಿಮದಿಂದ ಬಂದ ಒಬ್ಬ ಮುಸ್ಲಿಂ ಪಂಡಿತ ಇವರು ಹಿಂದೆ ಇಸ್ಲಾಂ ಒಪ್ಪಿ ಈಗ ಬಿಟ್ಟಿದ್ದಾರೆ ಅಂತ ದೂರು ಕೊಟ್ಟ. ರುಜುವಾತಾಗಿದ್ದರೆ ಶಿಕ್ಷೆ ಸಾವು. ಬಲವಂತದಿಂದ ಒಪ್ಪಿಸಿದ ಇಸ್ಲಾಂ ಕಾನೂನಿನಲ್ಲಿ ಸಿಂಧುವಲ್ಲ ಅಂತ ಅಲ್ ಖಾದಿ ಅಲ್ ಫಾದಿಲ್ ದೂರನ್ನು ತಳ್ಳಿಹಾಕಿದರು. ಫೆಝ್‌ನಲ್ಲಿ ಯುವಕ ಮೈಮೊನಿಡೀಸ್ ತಮ್ಮವರಿಗಾಗಿ ಮಾಡಿದ್ದ ವಾದವೇ ಇದು. ಈ ಸಲ ಹೇಳಿದವರು ಒಬ್ಬ ಮುಸ್ಲಿಂ ಮಂತ್ರಿ.

1204ರ ಡಿಸೆಂಬರ್ 13ರಂದು ಮೈಮೊನಿಡೀಸ್ ತೀರಿಕೊಂಡರು. ಗಲಿಲಿ ಸರೋವರದ ದಡದ ತಿಬೇರಿಯಾದಲ್ಲಿ ಅವರ ಸಮಾಧಿ ಇದೆ ಅನ್ನುವುದು ನಂಬಿಕೆ, ಜನ ಇಂದಿಗೂ ಹೋಗುತ್ತಾರೆ. ತರ್ಕ ಜಾಸ್ತಿಯಾಯಿತು ಅಂತ 1232ರ ಹೊತ್ತಿಗೆ ಫ್ರಾನ್ಸಿನ ಕೆಲವು ಯಹೂದಿ ಪಂಡಿತರು ಅವರ ತತ್ವಗ್ರಂಥಕ್ಕೆ ಬಹಿಷ್ಕಾರ ಹಾಕಿದರು. ಅದೇ ಗ್ರಂಥವನ್ನು ಲ್ಯಾಟಿನ್‌ನಲ್ಲಿ ಓದಿ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ತಮ್ಮ ಬರಹಗಳಲ್ಲಿ ಚರ್ಚಿಸಿದರು. ಅರಬ್ಬಿಯಲ್ಲಿ ಮುಸ್ಲಿಂ ವಿದ್ವಾಂಸರೂ ಓದಿದರು.

ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೆರಡಕ್ಕೆ ಧರ್ಮದ ಚರ್ಚೆ ಶುರುವಾದರೆ ನಾವೆಲ್ಲ ಹೇಗೆ ಮಾತಾಡ್ತೀವಿ ಅಂತ ನಮಗೇ ಗೊತ್ತು. ಎದುರಿನವರ ನಂಬಿಕೆ ಏನು ಅಂತ ಕೇಳುವ ಮೊದಲೇ ತೀರ್ಪು ಕೊಟ್ಟಿರ್ತೀವಿ. ಮೈಮೊನಿಡೀಸ್ ತಮ್ಮ ನಂಬಿಕೆಯಿಂದ ಒಂದಿಂಚೂ ಕದಲಲಿಲ್ಲ, ಒಪ್ಪದ್ದನ್ನು ಒಪ್ಪಲ್ಲ ಅಂತಲೇ ಹೇಳಿದರು. ಆದರೆ ಮುಸ್ಲಿಮರ ಮೇಲೆ ಒಂದು ಸುಳ್ಳು ಆರೋಪ ಬಂದಾಗ, ಅದನ್ನು ಸುಳ್ಳು ಅಂತ ತಮ್ಮವರಿಗೇ ಹೇಳಿದರು. ಮುಂದಿನ ಸಲ ಚರ್ಚೆ ಬಿಸಿಯಾದಾಗ ಓಬದ್ಯನ ಆ ಗುರುವನ್ನು ಒಮ್ಮೆ ನೆನಪಿಸಿಕೊಳ್ಳೋಣ.