ಚೋಳ ಸಿಂಹಾಸನಕ್ಕೆ ದೊರೆಯನ್ನು ಕೂರಿಸಿದ ಚಾಲುಕ್ಯ ವಿಕ್ರಮಾದಿತ್ಯ

ತನ್ನ ಹೆಸರಿನಲ್ಲೇ ಶಕೆಯೊಂದನ್ನು ಆರಂಭಿಸಿ ಐವತ್ತು ವರ್ಷ ಆಳಿದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ಕನ್ನಡಿಗರಿಗೆ ಚಿರಪರಿಚಿತ. ಆದರೆ ಸ್ವತಃ ಪಟ್ಟವೇರುವ ಆರು ವರ್ಷ ಮೊದಲೇ ಆತ ನೆರೆಯ ಚೋಳ ಸಿಂಹಾಸನಕ್ಕೆ ದೊರೆಯೊಬ್ಬನನ್ನು ಕೂರಿಸಿ ಬಂದಿದ್ದ. ಆ ಹಸ್ತಕ್ಷೇಪದ ಫಲವನ್ನು ಆತ ಜೀವನಪೂರ್ತಿ ಉಣ್ಣಬೇಕಾಯಿತು.

ವಿಕ್ರಮಾದಿತ್ಯ ಆಹವಮಲ್ಲ ಸೋಮೇಶ್ವರನ ಎರಡನೆಯ ಮಗ. 1068ರಲ್ಲಿ ರೋಗಪೀಡಿತನಾದ ಆಹವಮಲ್ಲ ಹೂವಿನಹಡಗಲಿ ಸಮೀಪದ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣತ್ಯಾಗ ಮಾಡಿದ. ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ ಪಟ್ಟವಾಯಿತು. ಅಣ್ಣತಮ್ಮಂದಿರ ನಡುವೆ ಬಿರುಕು ಮೂಡಲು ಹೆಚ್ಚು ಕಾಲ ಹಿಡಿಯಲಿಲ್ಲ. ತಪ್ಪೆಲ್ಲ ಅಣ್ಣನದೇ ಎಂಬುದು ಆಸ್ಥಾನಕವಿ ಬಿಲ್ಹಣನ ನಿರೂಪಣೆ. ಆಶ್ರಯದಾತನ ಪರವಾಗಿ ಬರೆದ ಕವಿಯ ಮಾತನ್ನು ತುಸು ತೂಗಿ ನೋಡುವುದೇ ಲೇಸು. ಏಕೆಂದರೆ ಕಲ್ಯಾಣವನ್ನು ತೊರೆದ ತಮ್ಮ ನೆರವು ಕೋರಿದ್ದು ವಂಶದ ಹಳೆಯ ವೈರಿ ಚೋಳ ವೀರರಾಜೇಂದ್ರನಲ್ಲಿ. ಚೋಳದೊರೆ ಮಗಳನ್ನು ಕೊಟ್ಟು ವಿಕ್ರಮಾದಿತ್ಯನನ್ನು ಅಳಿಯನನ್ನಾಗಿ ಮಾಡಿಕೊಂಡ.

1070ರಲ್ಲಿ ವೀರರಾಜೇಂದ್ರ ತೀರಿಕೊಂಡೊಡನೆ ಚೋಳನಾಡಿನಲ್ಲಿ ದಂಗೆ ಎದ್ದಿತು. ಉತ್ತರಾಧಿಕಾರಿ ಅಧಿರಾಜೇಂದ್ರ ವಿಕ್ರಮಾದಿತ್ಯನ ಭಾವಮೈದುನ. ಸುದ್ದಿ ತಿಳಿದ ವಿಕ್ರಮಾದಿತ್ಯ ಸೈನ್ಯಸಮೇತ ಕಂಚಿಗೆ ಧಾವಿಸಿ ದಂಗೆಕೋರರನ್ನು ಹತ್ತಿಕ್ಕಿದ. ಅಲ್ಲಿಂದ ರಾಜಧಾನಿ ಗಂಗೈಕೊಂಡ ಚೋಳಪುರಕ್ಕೆ ತೆರಳಿ ಮೈದುನನನ್ನು ಸಿಂಹಾಸನದಲ್ಲಿ ಸ್ಥಿರಗೊಳಿಸಿ, ಸುಮಾರು ಒಂದು ತಿಂಗಳು ತಂಗಿದ್ದು ತುಂಗಭದ್ರೆಯತ್ತ ಹಿಂದಿರುಗಿದ. ಆತ ಮರಳಿದ ಕೆಲವೇ ದಿನಗಳಲ್ಲಿ ಅಧಿರಾಜೇಂದ್ರ ಮತ್ತೊಂದು ದಂಗೆಯಲ್ಲಿ ಹತನಾದ. ಹೊರಗಿನ ಸೈನ್ಯದ ಬಲದಿಂದ ನಿಂತ ಪಟ್ಟ ಆ ಸೈನ್ಯ ಹೊರಟೊಡನೆ ಕುಸಿಯಿತು.

ಬರಿದಾದ ಸಿಂಹಾಸನವನ್ನೇರಿದವನು ವೆಂಗಿಯ ರಾಜರಾಜ ನರೇಂದ್ರನ ಮಗ ರಾಜೇಂದ್ರ. ತಂದೆಯ ಕಡೆಯಿಂದ ಪೂರ್ವ ಚಾಲುಕ್ಯ, ತಾಯಿಯ ಕಡೆಯಿಂದ ಒಂದನೆಯ ರಾಜೇಂದ್ರ ಚೋಳನ ಮೊಮ್ಮಗ. ಮುಂದೆ ಕುಲೋತ್ತುಂಗ ಚೋಳನೆಂದು ಪ್ರಸಿದ್ಧನಾದ ಈತನನ್ನು ಬಿಲ್ಹಣ ರಾಜಿಗನೆಂದು ಕರೆಯುತ್ತಾನೆ. ಕೃಷ್ಣಾ-ಗೋದಾವರಿ ನದಿಗಳ ನಡುವಿನ ವೆಂಗಿಗಾಗಿ ಕಲ್ಯಾಣ ಮತ್ತು ಚೋಳ ಅರಸರು ತಲೆಮಾರುಗಳಿಂದ ಕಾದಾಡಿದ್ದರು. ಈಗ ವೆಂಗಿಯ ರಾಜಕುಮಾರನೇ ಚೋಳದೊರೆ! ಕಲ್ಯಾಣಕ್ಕೆ ಇದಕ್ಕಿಂತ ದೊಡ್ಡ ಹಿನ್ನಡೆ ಇರಲಿಲ್ಲ.

ಆದರೂ ಕಲ್ಯಾಣದ ಅರಸ ಸೋಮೇಶ್ವರನಿಗೆ ಕುಲೋತ್ತುಂಗನಿಗಿಂತ ತಮ್ಮನೇ ದೊಡ್ಡ ಶತ್ರುವಾಗಿ ಕಂಡ. ಇಬ್ಬರು ದೊರೆಗಳೂ ಒಂದಾದರು. ವಿಕ್ರಮಾದಿತ್ಯನ ಬೆನ್ನಿಗೆ ಗೋವೆಯ ಕದಂಬ ಜಯಕೇಶಿ, ಸೇವುಣರು, ಹೊಯ್ಸಳರು ನಿಂತರು. 1076ರಲ್ಲಿ ಅಣ್ಣನನ್ನು ಸೆರೆಹಿಡಿದು ವಿಕ್ರಮಾದಿತ್ಯ ಪಟ್ಟವೇರಿದ. ಶಕವರ್ಷದ ಬದಲು ಚಾಲುಕ್ಯ ವಿಕ್ರಮ ವರ್ಷ ಜಾರಿಗೆ ಬಂತು. ಅಣ್ಣನ ಸಿಂಹಾಸನ ಕಸಿದ ಈ ಅರಸನ ಕಾಲದಲ್ಲೇ ವಿಜ್ಞಾನೇಶ್ವರನು ದಾಯಭಾಗದ ವಿವೇಚನೆಗೆ ಹೆಸರಾದ ಮಿತಾಕ್ಷರಾ ರಚಿಸಿದ್ದು ಗಮನಾರ್ಹ. ಜೊತೆಗಿದ್ದ ಕಿರಿಯ ತಮ್ಮ ಜಯಸಿಂಹನೂ ಮುಂದೆ ಬನವಾಸಿಯಿಂದ ಬಂಡೆದ್ದು ಸೋತ.

ಕುಲೋತ್ತುಂಗ ಮಾತ್ರ ಅಲುಗಲಿಲ್ಲ. ಚೋಳ ಸಿಂಹಾಸನದಲ್ಲಿ ಐದು ದಶಕ ಕುಳಿತ ಆತನನ್ನು ಅಲ್ಲಿಂದ ಇಳಿಸುವುದು ವಿಕ್ರಮಾದಿತ್ಯನಿಗೆ ಸಾಧ್ಯವಾಗಲಿಲ್ಲ. ವೆಂಗಿಗಾಗಿಯೂ ಬಹುಕಾಲ ಕಾಯಬೇಕಾಯಿತು. 1118ರ ಸುಮಾರಿಗೆ, ಕುಲೋತ್ತುಂಗನ ಮುಪ್ಪಿನಲ್ಲಿ ಆತನ ಮಗ ವಿಕ್ರಮ ಚೋಳ ವೆಂಗಿಯನ್ನು ಬಿಟ್ಟು ದಕ್ಷಿಣಕ್ಕೆ ತೆರಳಿದ ಬಳಿಕ, ಚಾಲುಕ್ಯ ದಂಡನಾಯಕ ಅನಂತಪಾಲ ಆ ನಾಡನ್ನು ವಶಪಡಿಸಿಕೊಂಡ. 1126ರಲ್ಲಿ ವಿಕ್ರಮಾದಿತ್ಯ ಕಾಲವಾದಾಗ ವೆಂಗಿ ಕಲ್ಯಾಣದ ಅಧೀನದಲ್ಲೇ ಇತ್ತು.