ಲೈಪ್‌ಜಿಗ್‌ನ ಹಾಡಿನ ಮೇಷ್ಟ್ರು

ನಾನು ಈ ಶಾಲೆಯ 2006ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ. ಕಂಪನಿ ಕೆಲಸದ ಮೇಲೆ ಆರು ತಿಂಗಳು ಜರ್ಮನಿಯಲ್ಲಿದ್ದಾಗ, ಜೂನ್ ತಿಂಗಳಲ್ಲಿ ಲೈಪ್‌ಜಿಗ್ ನಗರದ ಬಾಖ್ ಉತ್ಸವಕ್ಕೆ ಹೋಗಿದ್ದೆ. ಸೇಂಟ್ ಥಾಮಸ್ ಚರ್ಚಿನಲ್ಲಿ ಶಾಲಾ ಹುಡುಗರ ಮೇಳ ಹಾಡಿತು. ಆ ಸಂಗೀತದ ಶಾಸ್ತ್ರ ನನಗೆ ತಿಳಿಯದು. ಆದರೆ ಅದನ್ನು ರಚಿಸಿದ ಯೋಹಾನ್ ಸೆಬಾಸ್ಟಿಯನ್ ಬಾಖ್ ಅದೇ ಶಾಲೆಯ ಮೇಷ್ಟ್ರಾಗಿದ್ದರೆಂದು ತಿಳಿದಾಗ, ಅವರ ಕಥೆಯನ್ನು ನಮ್ಮ ಶಾಲೆಯ ಸಂಚಿಕೆಗೇ ಬರೆಯಬೇಕೆನಿಸಿತು.

ಬಾಖ್ ಹುಟ್ಟಿದ್ದು 1685ರಲ್ಲಿ, ಐಸೆನಾಖ್ ಎಂಬ ಊರಿನಲ್ಲಿ, ಸಂಗೀತವೇ ಕುಲಕಸುಬಾಗಿದ್ದ ಮನೆತನದಲ್ಲಿ. ಹತ್ತು ವರ್ಷ ತುಂಬುವುದರೊಳಗೆ ತಾಯಿ, ತಂದೆ ಇಬ್ಬರೂ ತೀರಿಕೊಂಡರು. ಅಣ್ಣ ಸಾಕಿದ. ಅಣ್ಣ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಸಂಗೀತದ ಪುಸ್ತಕವನ್ನು ಜಾಲರಿಯ ಸಂದಿನಿಂದ ಎಳೆದು, ಆರು ತಿಂಗಳು ಬೆಳದಿಂಗಳಲ್ಲಿ ಕದ್ದು ನಕಲು ಮಾಡಿಕೊಂಡರಂತೆ. ಸಿಕ್ಕಿಬಿದ್ದಾಗ ಅಣ್ಣ ಅದನ್ನೂ ಕಿತ್ತುಕೊಂಡನಂತೆ.

ಇಪ್ಪತ್ತನೇ ವಯಸ್ಸಿನಲ್ಲಿ ಅವರು ಆರ್ನ್‌ಸ್ಟಾಟ್‌ನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. 1705ರಲ್ಲಿ ನಾಲ್ಕು ವಾರ ರಜೆ ಪಡೆದು, ಬುಕ್ಸ್‌ಟೆಹುಡೆ ಎಂಬ ಹಿರಿಯ ವಿದ್ವಾಂಸರ ಸಂಗೀತ ಕೇಳಲು ಲ್ಯೂಬೆಕ್‌ಗೆ ಸುಮಾರು 400 ಕಿ.ಮೀ. ನಡೆದೇ ಹೋದರು. ಹಿಂದಿರುಗಿದ್ದು ಸುಮಾರು ನಾಲ್ಕು ತಿಂಗಳ ಮೇಲೆ! ಮೇಲಿನವರು ಕರೆಸಿ ವಿಚಾರಣೆ ಮಾಡಿದರು. ಹವಾನಿಯಂತ್ರಿತ ರೈಲಿನಲ್ಲಿ ಉತ್ಸವಕ್ಕೆ ಹೋಗಿಬಂದ ನನಗೆ ಇದನ್ನು ಓದಿ ನಾಚಿಕೆಯಾಯಿತು.

1723ರಲ್ಲಿ ಲೈಪ್‌ಜಿಗ್ ನಗರಸಭೆ ಅವರನ್ನು ಸೇಂಟ್ ಥಾಮಸ್ ಶಾಲೆಗೆ ನೇಮಿಸಿತು. ಅದಕ್ಕೆ ಮೊದಲು ಬೇಕಾಗಿದ್ದವರು ಬೇರೆಯವರು; ಅವರು ಬರಲಾಗದ ಕಾರಣ ಬಾಖ್‌ಗೆ ಕೆಲಸ ಸಿಕ್ಕಿತು. ವಾಸ ಶಾಲೆಯ ಕಟ್ಟಡದಲ್ಲೇ. ಹುಡುಗರಿಗೆ ಹಾಡು ಕಲಿಸಬೇಕು, ಭಾನುವಾರದ ಪ್ರಾರ್ಥನೆಗೆ ಸಂಗೀತ ಒದಗಿಸಬೇಕು. ಮೊದಲ ವರ್ಷಗಳಲ್ಲಿ ಬಹುಮಟ್ಟಿಗೆ ವಾರಕ್ಕೊಂದು ಹೊಸ ಕೃತಿ ಬರೆದರು. ಹಾಡುವವರು, ನುಡಿಸುವವರು ಸಾಲುವುದಿಲ್ಲವೆಂದು 1730ರಲ್ಲಿ ನಗರಸಭೆಗೆ ಮನವಿ ಕೊಟ್ಟರು. ಹುಟ್ಟಿದ ಇಪ್ಪತ್ತು ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಉಳಿದವರು ಹತ್ತೇ ಮಂದಿ. ಇಷ್ಟೆಲ್ಲದರ ನಡುವೆ 27 ವರ್ಷ ಅದೇ ಶಾಲೆಯಲ್ಲಿ ದುಡಿದರು. ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ, 1750ರ ಜುಲೈ 28ರಂದು ತೀರಿಕೊಂಡರು.

ಅವರ ಕೈಬರಹದ ಹಾಳೆಗಳು ಮನೆಯವರಲ್ಲಿ ಹಂಚಿಹೋದವು. ಹಿರಿಯ ಮಗ ಬಡತನಕ್ಕೆ ಸಿಕ್ಕಿ ತನ್ನ ಪಾಲಿನದನ್ನು ಮಾರಿಕೊಂಡ. ಎಷ್ಟೋ ಕೃತಿಗಳು ಕಳೆದೇಹೋದವು. ಉಳಿದದ್ದರಲ್ಲಿ ಒಂದು ದೊಡ್ಡ ಕೃತಿಯನ್ನು 1829ರಲ್ಲಿ ಮೆಂಡೆಲ್‌ಸನ್ ಎಂಬ ಇಪ್ಪತ್ತರ ತರುಣ ಬರ್ಲಿನ್‌ನಲ್ಲಿ ಹಾಡಿಸಿದ ಮೇಲೆ ಜನ ಬಾಖ್‌ರನ್ನು ಮತ್ತೆ ನೆನೆದರು. ಈಗ ಅವರ ಸಮಾಧಿ ಅದೇ ಚರ್ಚಿನೊಳಗಿದೆ.

ಅದರ ಮುಂದೆ ನಿಂತಾಗ ನನಗೆ ನೆನಪಾದವರು ನಮ್ಮ ಕನ್ನಡ ಮೇಷ್ಟ್ರು. ಪ್ರತಿ ವಾರ್ಷಿಕೋತ್ಸವಕ್ಕೂ ತಾವೇ ಹಾಡು ಬರೆದು, ರಾಗ ಹಾಕಿ, ಬೇವಿನ ಮರದ ಕೆಳಗೆ ನಮಗೆ ಕಲಿಸುತ್ತಿದ್ದರು. ಹತ್ತನೇ ತರಗತಿ ಮುಗಿದಾಗ ನಕಲು ಮಾಡಿಕೊಂಡು ಕೊಡು ಎಂದು ಆ ಹಾಡುಗಳ ನೋಟ್‌ಬುಕ್ಕನ್ನು ನನ್ನ ಕೈಗಿತ್ತರು. ಇವತ್ತು ನಾಳೆ ಎನ್ನುತ್ತ ನಾನು ನಕಲು ಮಾಡಲಿಲ್ಲ. ಬಿ.ಇ. ಓದುವಾಗ ರೂಮು ಬದಲಿಸುವ ಗಡಿಬಿಡಿಯಲ್ಲಿ ಅದು ಕಳೆದುಹೋಯಿತು. ಹೇಳಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಅವರೇ ಹೊರಟುಹೋದರು.

ಆ ಹಾಡುಗಳಲ್ಲಿ ನನಗೆ ನೆನಪಿರುವುದು ಮೂರು. ಅವನ್ನು ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. ಅಣ್ಣಂದಿರೇ, ಅಕ್ಕಂದಿರೇ, ತಮ್ಮ ತಂಗಿಯರೇ, ನಿಮಗೆ ಒಂದು ಸಾಲು ನೆನಪಿದ್ದರೂ ಸಾಕು, ದಯವಿಟ್ಟು ಶಾಲೆಗೆ ಬರೆದು ಕಳಿಸಿ.