ಆಲೂಗಡ್ಡೆಯ ಗುಟ್ಟು ಬಯಲಿಗೆಳೆದ ವರದಿಗಾರ್ತಿ

ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಆಲೂಗಡ್ಡೆ ಮೂಟೆ ಬಂದು ಬೀಳುತ್ತೆ. ರೇಟು ಕೇಳ್ತೇವೆ, ತೂಕ ನೋಡ್ತೇವೆ. ಅದನ್ನು ಅಗೆದವನು ಯಾರು, ಅವನಿಗೆ ಕೂಲಿ ಸಿಕ್ಕಿತಾ ಅಂತ ಯಾರು ಕೇಳ್ತಾರೆ? ದಕ್ಷಿಣ ಆಫ್ರಿಕದಲ್ಲಿ ಒಬ್ಬಾಕೆ ಅದನ್ನೇ ಕೇಳಿದಳು. ಹೆಸರು ರುತ್ ಫಸ್ಟ್.

ಹುಟ್ಟಿದ್ದು 1925ರಲ್ಲಿ, ಜೋಹಾನ್ಸ್‌ಬರ್ಗಿನಲ್ಲಿ. ಬಿಳಿಯರ ಮನೆಯ ಹುಡುಗಿ. ಅಲ್ಲಿನ ಲೆಕ್ಕದಲ್ಲಿ ಹುಟ್ಟುತ್ತಲೇ ಗೆದ್ದ ಹಾಗೆ. ಆದರೆ ಅಪ್ಪ ಅಮ್ಮ ಯುರೋಪಿನಿಂದ ವಲಸೆ ಬಂದ ಯಹೂದಿಗಳು, ಕಟ್ಟಾ ಕಮ್ಯುನಿಸ್ಟರು. ಯೂನಿವರ್ಸಿಟಿಯಲ್ಲಿ ಜೊತೆಗಿದ್ದವರು ನೆಲ್ಸನ್ ಮಂಡೇಲ, ಭಾರತೀಯ ಮೂಲದ ಇಸ್ಮಾಯಿಲ್ ಮೀರ್. 1946ರಲ್ಲಿ ಪದವಿ ಮುಗಿಸಿ ನಗರಸಭೆಯಲ್ಲಿ ಕೆಲಸ ಹಿಡಿದಳು. ಅದೇ ವರ್ಷ ಚಿನ್ನದ ಗಣಿಯ ಕರಿಯ ಕಾರ್ಮಿಕರು ಮುಷ್ಕರ ಹೂಡಿದರು. ಪೊಲೀಸರು ಬಡಿದು ಅದನ್ನು ಮುರಿದರು. ರುತ್ ನಗರಸಭೆಗೆ ಕೈಮುಗಿದು ಪತ್ರಿಕೆಗೆ ಬಂದಳು.

1947ರಲ್ಲಿ ಬೆಥಾಲ್ ಎಂಬಲ್ಲಿನ ಆಲೂಗಡ್ಡೆ ತೋಟಗಳ ಸುದ್ದಿ ಸಿಕ್ಕಿತು. ಆ ದೇಶದಲ್ಲಿ ಕರಿಯರು ಜೇಬಲ್ಲಿ ಪಾಸು ಇಟ್ಟುಕೊಂಡೇ ಓಡಾಡಬೇಕು. ಇಲ್ಲದಿದ್ದರೆ ಪೊಲೀಸರು ಹಿಡೀತಾರೆ. ಹಾಗೆ ಸಿಕ್ಕಿಬಿದ್ದವರನ್ನು, ಆಸೆ ತೋರಿಸಿ ಕರೆತಂದವರನ್ನು ಬೆಥಾಲಿನ ಸಾಹುಕಾರರ ಹೊಲಕ್ಕೆ ತಳ್ಳುತ್ತಿದ್ದರು. ಮೈಗೆ ಗೋಣಿಚೀಲ, ಹಗಲೆಲ್ಲ ದುಡಿತ, ಹೊಡೆತ, ರಾತ್ರಿ ದೊಡ್ಡಿಯಲ್ಲಿ ಬೀಗ. ರುತ್ ಮೈಕೇಲ್ ಸ್ಕಾಟ್ ಎಂಬ ಪಾದ್ರಿಯ ಜೊತೆ ಅಲ್ಲಿಗೇ ಹೋಗಿ, ಕಂಡದ್ದನ್ನು ಬರೆದಳು. ಒಂದು ಸಲ ಬರೆದು ಸುಮ್ಮನಾಗಲಿಲ್ಲ, ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. 1959ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆಲೂಗಡ್ಡೆ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಬಡವರ ದಿನದ ಊಟವೇ ಅದು, ಆದರೂ ಮುಟ್ಟಲಿಲ್ಲ. ಮೂಟೆ ಮೂಟೆ ಮಾರಾಟವಾಗದೆ ಬಿತ್ತು.

ಸರ್ಕಾರ ಪತ್ರಿಕೆ ಮುಚ್ಚಿಸಿತು. ಅದೇ ಜನ ಬೇರೆ ಹೆಸರಲ್ಲಿ ತೆಗೆದರು. ಅದನ್ನೂ ಮುಚ್ಚಿಸಿತು, ಮತ್ತೊಂದು ಹೆಸರು! ನಮ್ಮಂಥವರಿಗೆ ಒಂದು ನೋಟಿಸು ಬಂದರೇ ಎರಡು ದಿನ ಅನ್ನ ಸೇರೋದಿಲ್ಲ. ಈಕೆ ಗಂಡ ಜೋ ಸ್ಲೋವೊ, ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಇದನ್ನೆಲ್ಲ ಮಾಡಿದಳು. 1956ರಲ್ಲಿ ರಾಜದ್ರೋಹದ ಕೇಸಿನಲ್ಲಿ 156 ಜನರ ಮೇಲೆ ಆರೋಪ ಬಂತು. ಗಂಡ ಹೆಂಡತಿ ಇಬ್ಬರೂ ಅದರಲ್ಲಿದ್ದರು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಮುಂದೆ ಬರೆಯುವುದಕ್ಕೇ ನಿಷೇಧ ಬಂತು. 1963ರಲ್ಲಿ ಆಕೆಯನ್ನು ಹಿಡಿದರು. ವಿಚಾರಣೆ ಇಲ್ಲದೆ 90 ದಿನ ಕೂಡಿಹಾಕುವ ಕಾಯ್ದೆ ಅದು. 90 ದಿನ ಮುಗಿದಾಗ ಬಿಟ್ಟರು, ಮನೆ ಸೇರುವ ಮೊದಲೇ ಮತ್ತೆ ಹಿಡಿದರು. ಒಂಟಿ ಕೋಣೆ, ಮಾತಿಗೆ ಯಾರೂ ಇಲ್ಲ. ಬಾಯಿ ಬಿಟ್ಟು ಸಂಗಡಿಗರನ್ನು ಸಿಕ್ಕಿಸಿಬಿಡುತ್ತೇನೋ ಎಂಬ ಹೆದರಿಕೆಯಲ್ಲಿ ಮಾತ್ರೆ ನುಂಗಿದಳು. ಬದುಕಿದಳು. ಒಟ್ಟು 117 ದಿನ. ಹೊರಗೆ ಬಂದ ಮೇಲೆ ಅದನ್ನೂ ಮುಚ್ಚಿಡದೆ ಪುಸ್ತಕ ಬರೆದಳು.

1964ರಲ್ಲಿ ಮಕ್ಕಳ ಸಮೇತ ಲಂಡನ್ನಿಗೆ. ಅಲ್ಲಿ ಪುಸ್ತಕಗಳು, ಡರ್ಹಾಮ್ ಯೂನಿವರ್ಸಿಟಿಯಲ್ಲಿ ಪಾಠ. ಆದರೆ ಮನಸ್ಸೆಲ್ಲ ಆಫ್ರಿಕದಲ್ಲೇ. 1977ರಲ್ಲಿ ಮೊಜಾಂಬಿಕಿನ ಮಾಪುಟೊ ನಗರಕ್ಕೆ ಬಂದು, ಅಲ್ಲಿನ ಯೂನಿವರ್ಸಿಟಿಯ ಆಫ್ರಿಕ ಅಧ್ಯಯನ ಕೇಂದ್ರದಲ್ಲಿ ಸಂಶೋಧನೆಯ ಮುಖ್ಯಸ್ಥೆಯಾದಳು. ಕೇಂದ್ರದ ಡೈರೆಕ್ಟರ್ ನಮ್ಮ ಪಕ್ಕದ ಗೋವಾದಲ್ಲಿ ಹುಟ್ಟಿದ ಅಕ್ವಿನೊ ಡಿ ಬ್ರಗಾನ್ಸ. ಪ್ರೊಫೆಸರ್ ಆದರೂ ಹಳೆಯ ಚಾಳಿ ಬಿಡಲಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗೆ ಕೂಲಿ ಹೋಗುವ ಮೊಜಾಂಬಿಕಿನ ಹಳ್ಳಿಗರ ಹತ್ತಿರಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಳು. ಎಷ್ಟು ಸಲ ಹೋದೆ, ಏನು ತಂದೆ, ಮನೆಯಲ್ಲಿ ಉಳುವವರು ಯಾರು, ಎಲ್ಲ ಕೇಳಿ ಬರೆಸಿದಳು.

1982ರ ಆಗಸ್ಟ್ 17ರಂದು ಆಫೀಸಿಗೆ ಟಪಾಲು ಬಂತು. ರುತ್ ಲಕೋಟೆ ಒಡೆದಳು. ಬಾಂಬು. ಅಲ್ಲೇ ಸತ್ತಳು. ವಯಸ್ಸು 57. ಕೋಣೆಯಲ್ಲಿದ್ದ ಬ್ರಗಾನ್ಸರಿಗೂ ಗಾಯವಾಯಿತು.

ಕಳಿಸಿದವರು ದಕ್ಷಿಣ ಆಫ್ರಿಕದ ಪೊಲೀಸರು. ವರ್ಣಭೇದದ ಆಡಳಿತ ಹೋದ ಮೇಲೆ ಕ್ರೇಗ್ ವಿಲಿಯಮ್ಸನ್ ಎಂಬ ಅಧಿಕಾರಿ ಸತ್ಯಶೋಧನಾ ಆಯೋಗದ ಮುಂದೆ ತನ್ನ ಪಾತ್ರ ಒಪ್ಪಿಕೊಂಡ. ಹೆಣ್ಣುಮಕ್ಕಳು ಕ್ಷಮಾದಾನ ಕೂಡದೆಂದು ವಿರೋಧಿಸಿದರು. 2000ದಲ್ಲಿ ಅವನಿಗೆ ಕ್ಷಮಾದಾನ ಸಿಕ್ಕಿತು. ಒಂದು ದಿನವೂ ಜೈಲಿಲ್ಲ.

ಗಣಿ ಕೂಲಿಗಳ ಬಗ್ಗೆ ರುತ್ ಮಾಡಿಸಿದ ಆ ಕೆಲಸ 1983ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ನೋಡಲು ಆಕೆ ಇರಲಿಲ್ಲ. ಸಮಾಧಿ ಮಾಪುಟೊದಲ್ಲೇ ಇದೆ.